ನಂದಿ ತೇರಿಗೆ ಹೋಗಿದ್ವಿ, ಬೆಟ್ಟ ಹತ್ತಲಿಲ್ಲ

ನಮ್ಮೂರು ಚಿಕ್ಕಬಳ್ಳಾಪುರ ಅಂದ ತಕ್ಷಣ ಎದುರಿಗಿರೋರು "ಓ, ನಂದಿ ಬೆಟ್ಟ!" ಅಂತಾರೆ. ಆಮೇಲೆ ಬೆಳಗಿನ ಜಾವ ಮೂರಕ್ಕೆ ಎದ್ದು ಕಾರಲ್ಲಿ ಹೋಗಿದ್ದು, ಗೇಟ್ ಹತ್ರ ಕ್ಯೂ ನಿಂತಿದ್ದು, ಮಂಜು ನೋಡಿದ್ದು, ಫೋಟೋ ತೆಗೆದಿದ್ದು, ವಾಪಸ್ ಬರ್ತಾ ಟ್ರಾಫಿಕ್ಕಲ್ಲಿ ಎರಡು ಗಂಟೆ ಸಿಕ್ಕಾಕೊಂಡಿದ್ದು ಎಲ್ಲಾ ಹೇಳ್ತಾರೆ. ನಾನು ಕೇಳೋದು ಒಂದೇ, ಕೆಳಗೆ ನಂದಿ ಊರೊಳಗೆ ಹೋಗಿದ್ರಾ ಅಂತ. ಸುಮಾರು ಜನ ಇಲ್ಲ ಅಂತಾರೆ, ಕೆಳಗೆ ಒಂದು ಊರಿದೆ ಅನ್ನೋದೇ ಕೆಲವರಿಗೆ ಗೊತ್ತಿರಲ್ಲ.

ಆ ಊರಿನ ಭೋಗನಂದೀಶ್ವರ ಸ್ವಾಮಿ ತೇರಿನ ಬಗ್ಗೆ ಬರೀಬೇಕು ಅಂತ ಎಷ್ಟೋ ದಿನದಿಂದ ಇತ್ತು. ಮಕ್ಳಿಂದ ಹಿಡಿದು ಮಂಡಿ ನೋವಿರೋ ಅಜ್ಜಿವರೆಗೂ ಒಟ್ಟಿಗೆ ಕರ್ಕೊಂಡು ಹೋಗಿ ಇಡೀ ದಿನ ಬಯಲಲ್ಲಿ ಕಳೆದು ಬರಬಹುದಾದ ಜಾಗ ಈಗ ಎಷ್ಟಿದಾವೆ ಹೇಳಿ. ಮಾಲ್‌ಗೆ ಹೋದ್ರೆ ಅತ್ತೆಗೆ ಬೇಜಾರು, ದೇವಸ್ಥಾನಕ್ಕೆ ಹೋದ್ರೆ ಮಕ್ಳಿಗೆ ಬೇಜಾರು, ಪಾರ್ಕಿಗೆ ಹೋದ್ರೆ ಅರ್ಧ ಗಂಟೆಗೆ ಎಲ್ಲರೂ ಮೊಬೈಲು. ನಂದಿ ಜಾತ್ರೇಲಿ ನಮ್ಮ ಅತ್ತೆ 68 ವರ್ಷದೋರು, ನನ್ನ ಮಗ 6 ವರ್ಷದೋನು, ಇಬ್ರೂ ಸಂಜೆವರೆಗೂ ಮನೆಗೆ ಹೋಗೋಣ ಅಂತ ಒಂದು ಸಲನೂ ಅನ್ನಲಿಲ್ಲ.

ನಾವು ಹೋಗಿದ್ದು 2024ರಲ್ಲಿ, ಆ ಸಲ ಶಿವರಾತ್ರಿ ಮಾರ್ಚ್ 8, ಶುಕ್ರವಾರ ಬಿತ್ತು. ತೇರು ಯಾವಾಗ್ಲೂ ಮಾರನೇ ದಿನ, ಅದು ಎರಡನೇ ಶನಿವಾರ ಆಗಿದ್ರಿಂದ ನಮ್ಮನೆಯವ್ರಿಗೂ ರಜಾ, ಮಕ್ಳಿಗೂ ರಜಾ. ಜೊತೆಗೆ ನಾದಿನಿಗೆ ಕಾರ್ತಿಕದಲ್ಲಿ ಮದ್ವೆ ಆಗಿತ್ತು, ಮೊದಲ್ನೇ ವರ್ಷದ ಶಿವರಾತ್ರಿ, ಹೊಸ ಜೋಡಿನ ಉಮಾಮಹೇಶ್ವರನ ಸನ್ನಿಧಿಗೆ ಕರ್ಕೊಂಡು ಹೋಗ್ಲೇಬೇಕು ಅಂತ ಅತ್ತೆ ಸಂಕ್ರಾಂತಿಯಿಂದಲೇ ಹೇಳ್ತಿದ್ರು. ಹಿಂದಿನ ದಿನ ಪೂರ್ತಿ ಉಪವಾಸ, ರಾತ್ರಿ ಜಾಗರಣೆ, ಬೆಳಿಗ್ಗೆ ಸ್ನಾನ ಮಾಡಿ ತಂಬಿಟ್ಟು ಬಾಯಿಗೆ ಹಾಕ್ಕೊಂಡು ನಮಗಿಂತ ಮೊದ್ಲೇ ಸೀರೆ ಉಟ್ಕೊಂಡು ಬಾಗಿಲಲ್ಲಿ ನಿಂತಿದ್ರು. ನಿದ್ದೆ ಮಾಡಿದ್ದ ನಾವೇ ಲೇಟು.

ಕಾರು ಬೇಡ ಅಂತ ನಾನೇ ಹಠ ಮಾಡಿದ್ದೆ. ಜಾತ್ರೆ ದಿನ ಊರಿಗೆ ಇನ್ನೂ ದೂರ ಇರ್ಬೇಕಾದ್ರೇ ಗಾಡಿ ತಡೀತಾರೆ, ಬಿಸಿಲಲ್ಲಿ ಅಲ್ಲಿಂದ ನಡೀಬೇಕು, ಬಸ್ಸಾದ್ರೆ ಹತ್ರ ಇಳಿಸ್ತಾನೆ. ಚಿಕ್ಕಬಳ್ಳಾಪುರ ಸ್ಟ್ಯಾಂಡಲ್ಲಿ ನೋಡಿದ್ರೆ ಎಲ್ಲಾ ಹೆಂಗಸರೇ. ಶಕ್ತಿ ಯೋಜನೆ ಬಂದು ಆಗಿನ್ನೂ ವರ್ಷ ಆಗಿರ್ಲಿಲ್ಲ, 2023ರ ಜೂನಿಂದ ಸರ್ಕಾರಿ ಬಸ್ಸಲ್ಲಿ ನಮಗೆ ಟಿಕೆಟ್ ಇಲ್ವಲ್ಲ, ಹೂವಿನ ಬುಟ್ಟಿ ಇಟ್ಕೊಂಡಿರೋರು, ಮೊಮ್ಮಕ್ಳನ್ನ ಕಟ್ಕೊಂಡು ಬಂದಿರೋ ಅಜ್ಜಿಯರು, ಕಾಲೇಜ್ ಹುಡ್ಗೀರು, ಎಲ್ಲರ ಕೈಲೂ ಆಧಾರ್ ಕಾರ್ಡು. ಒಬ್ಬಜ್ಜಿ "ಮೂರು ವರ್ಷ ಆಗಿತ್ತಮ್ಮ ಸ್ವಾಮಿ ತೇರು ನೋಡಿ, ಯಾರನ್ನ ಕಾಸು ಕೇಳ್ಲಿ, ಈಗ ನಾನೇ ಹತ್ತಿ ಬಂದ್ಬಿಟ್ಟೆ" ಅಂದ್ರು. ನಂಗೆ ಆ ಮಾತು ಕೇಳಿ ಗಂಟಲು ಕಟ್ಟಿತು, ನಿಜವಾಗ್ಲೂ.

ಚದಲಪುರ ಕ್ರಾಸಲ್ಲಿ ಹೈವೇ ಬಿಟ್ಟು ಒಳಗೆ ತಿರುಗಿದ ಮೇಲೆ ದ್ರಾಕ್ಷಿ ತೋಟ, ಹೂವಿನ ತೋಟ, ಹಿಪ್ಪುನೇರಳೆ, ಎದುರಿಗೆ ಬೆಟ್ಟ. ಸಮುದ್ರ ಮಟ್ಟದಿಂದ 1478 ಮೀಟರ್ ಎತ್ತರ ಅಂತ ಸ್ಕೂಲಲ್ಲಿ ಓದಿದ್ವಿ, ಆದ್ರೆ ಅದು ಎಂಥ ಬಂಡೆ ಅಂತ ಗೊತ್ತಾಗೋದು ಕೆಳಗಿಂದ ತಲೆ ಎತ್ತಿ ನೋಡಿದಾಗಲೇ. ಮಾರ್ಚಲ್ಲಿ ಮಂಜೂ ಇಲ್ಲ ಮೋಡಾನೂ ಇಲ್ಲ, ಬರೀ ಕಲ್ಲು, ಅಲ್ಲಲ್ಲಿ ಒಣಗಿದ ಹುಲ್ಲು. ಮಲಗಿರೋ ಬಸವನ ಥರ ಕಾಣುತ್ತೆ ಅಂತ ಅತ್ತೆ ಮಗನಿಗೆ ತೋರಿಸ್ತಿದ್ರು, ಅಗೋ ಹಿಣಿಲು, ಅಗೋ ತಲೆ ಅಂತ. ಅವ್ನಿಗೆ ಮೊದ್ಲು ಕಾಣ್ಲಿಲ್ಲ, ಆಮೇಲೆ ಕಂಡ ಮೇಲೆ ಬಸ್ಸಲ್ಲಿ ಇದ್ದೋರಿಗೆಲ್ಲಾ ಅವ್ನೇ ತೋರಿಸೋಕೆ ಶುರು ಮಾಡ್ದ.

ನಾದಿನಿ, ಅವರ ಯಜಮಾನ್ರು ಯಲಹಂಕದಿಂದ ರೈಲಲ್ಲಿ ಬಂದು ನಂದಿ ಹಾಲ್ಟಲ್ಲಿ ಇಳಿದ್ರು. ಚಿಕ್ಕ ಸ್ಟೇಷನ್ನು, 1915ರಲ್ಲಿ ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಸಣ್ಣ ರೈಲು ಶುರುವಾದ ಕಾಲದ್ದು, ಹೆಂಚಿನ ಕಟ್ಟಡ, ಹಿಂದೆ ಬೆಟ್ಟ. ಅಲ್ಲಿಂದ ದೇವಸ್ಥಾನಕ್ಕೆ ನಡ್ಕೊಂಡೇ ಬರಬಹುದು. ಬೆಂಗಳೂರಿಂದ ಬರೋರು ಮಕ್ಳಿದ್ರೆ ಹಿಂಗೇ ಬನ್ನಿ, ಅದೂ ಒಂದು ಆಟ ಅವ್ರಿಗೆ.

ದೇವಸ್ಥಾನದ ವಿಷಯ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಈ ಜಾತ್ರೆಗೆ ಎಲ್ಲಾ ವಯಸ್ಸಿನೋರೂ ಯಾಕೆ ಬರ್ತಾರೆ ಅನ್ನೋದು ಅಲ್ಲೇ ಇದೆ ಅಂತ ನಂಗನ್ಸುತ್ತೆ. 9ನೇ ಶತಮಾನದ ದೇವಸ್ಥಾನ. ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದೋರು, ಒಬ್ಬೊಬ್ರು ಬಂದು ಒಂದೊಂದು ಸೇರಿಸಿದಾರೆ. ಪಕ್ಕ ಪಕ್ಕ ಎರಡು ದೊಡ್ಡ ಗುಡಿ, ಒಂದು ಅರುಣಾಚಲೇಶ್ವರ, ಇನ್ನೊಂದು ಭೋಗನಂದೀಶ್ವರ, ಎರಡರ ಮಧ್ಯೆ ಚಿಕ್ಕದಾಗಿ ಉಮಾಮಹೇಶ್ವರ. ಅತ್ತೆ ಹೇಳೋ ಪ್ರಕಾರ ಅರುಣಾಚಲೇಶ್ವರ ಅಂದ್ರೆ ಶಿವನ ಬಾಲ್ಯ, ಭೋಗನಂದೀಶ್ವರ ಅಂದ್ರೆ ಯೌವನ, ಬೆಟ್ಟದ ಮೇಲಿರೋ ಯೋಗನಂದೀಶ್ವರ ಅಂದ್ರೆ ಎಲ್ಲಾ ಬಿಟ್ಟು ಕೂತ ಸ್ಥಿತಿ. ಅದಕ್ಕೇ ಮೇಲಿರೋನಿಗೆ ಸಂಭ್ರಮ ಇಲ್ಲ, ತೇರು, ವಾದ್ಯ, ಕಡ್ಲೆಪುರಿ ಎಲ್ಲಾ ಕೆಳಗಿರೋನಿಗೆ. ನನ್ನ ಮಗಳು, 11 ವರ್ಷ, ಇದನ್ನ ಕೇಳಿ "ಅಜ್ಜಿ, ಮೇಲಿರೋ ಸ್ವಾಮಿಗೆ ಇಲ್ಲಿ ತಮಟೆ ಕೇಳ್ಸುತ್ತಾ?" ಅಂದ್ಲು. "ಕೇಳ್ಸುತ್ತೆ ಕಣಮ್ಮ, ಕೇಳ್ಸಿದ್ರೂ ಎದ್ದು ಬರಲ್ಲ" ಅಂದ್ರು ಅತ್ತೆ.

ಮಧ್ಯದ ಗುಡಿ ಮುಂದಿನ ಕಲ್ಯಾಣ ಮಂಟಪ ನೋಡ್ಲೇಬೇಕು. ಕಪ್ಪು ಕಲ್ಲಿನ ಕಂಬಗಳು, ಸಣ್ಣ ಸಣ್ಣ ಕೆತ್ತನೆ, ಬಳ್ಳಿ, ಗಿಣಿ. ಹೊಸ ಜೋಡಿಗಳೆಲ್ಲಾ ಅಲ್ಲಿ ಕ್ಯೂ, ಕೆಲವರ ಬಾಸಿಂಗದ ಗುರುತೇ ಹಣೆ ಮೇಲಿಂದ ಇನ್ನೂ ಹೋಗಿಲ್ಲ ಅನ್ನೋ ಹಂಗೆ. ನಾದಿನಿ ಮತ್ತೆ ಅವ್ರ ಯಜಮಾನ್ರು ಅರ್ಧ ಗಂಟೆ ನಿಂತು ಒಳಗೆ ಹೋಗಿ ಬಂದ್ರು, ಅತ್ತೆ ಹೊರಗೆ ಕಂಬಕ್ಕೆ ಒರಗಿ ಕೂತ್ಕೊಂಡು ಅವರಿಬ್ರನ್ನೇ ನೋಡ್ತಿದ್ರು. ಮಾವ ಹೋಗಿ ನಾಲ್ಕು ವರ್ಷ ಆಯ್ತು. ಅವರಿಬ್ರೂ ಮದ್ವೆ ಆದ ವರ್ಷ ಎತ್ತಿನ ಗಾಡೀಲಿ ಇದೇ ತೇರಿಗೆ ಬಂದು, ಇದೇ ಮಂಟಪದಲ್ಲಿ ಕೂತು ಬುತ್ತಿ ಬಿಚ್ಚಿ ಉಂಡಿದ್ರಂತೆ. ಅದನ್ನ ಒಂದೇ ಒಂದು ಸಲ ಹೇಳಿ ಸುಮ್ನಾದ್ರು, ನಾನೂ ಏನೂ ಕೇಳ್ಲಿಲ್ಲ, ಅವರ ಪಕ್ಕದಲ್ಲೇ ಸುಮ್ನೆ ಕೂತೆ.

ಇಲ್ಲಿ ಒಂದು ಕಿವಿಮಾತು. ಅಂಗಳ ಪೂರ್ತಿ ಕಲ್ಲು ಚಪ್ಪಡಿ, ಹತ್ತು ಗಂಟೆ ಆದ ಮೇಲೆ ಬರಿಗಾಲಲ್ಲಿ ಇಡೋಕಾಗಲ್ಲ. ಮಕ್ಳಿಗೆ ಒಂದು ಜೊತೆ ಹಳೇ ಸಾಕ್ಸ್ ಬ್ಯಾಗಲ್ಲಿ ಇಟ್ಕೊಂಡು ಹೋಗಿ. ಎಂಟು ಗಂಟೆಯೊಳಗೆ ದರ್ಶನ ಮುಗಿಸ್ಕೊಂಡು ಬಿಟ್ರೆ ಇನ್ನೂ ಒಳ್ಳೇದು.

ಒಳಗಡೆ ಕಲ್ಯಾಣಿ ಇದೆ, ಶೃಂಗಿ ತೀರ್ಥ ಅಂತಾರೆ. ಸುತ್ತಲೂ ಮಂಟಪ, ನಾಲ್ಕೂ ಕಡೆ ಮೆಟ್ಲು, ಬಿಸಿಲಲ್ಲಿ ಬಂದೋರು ಆ ನೆರಳಲ್ಲಿ ಕೂತ್ರೆ ಏಳೋಕೆ ಮನಸ್ಸಾಗಲ್ಲ. ನಂದಿ ಕೊಂಬಿಂದ ನೆಲ ತಿವಿದು ಗಂಗೇನ ತಂದಿದ್ದು ಅಂತ ಕಥೆ, ದಕ್ಷಿಣ ಪಿನಾಕಿನಿ ಹುಟ್ಟೋದೂ ಇಲ್ಲೇ ಅಂತ ನಂಬಿಕೆ. ಈ ಬೆಟ್ಟಸಾಲಲ್ಲಿ ಪಾಲಾರ್, ಅರ್ಕಾವತಿ, ಎರಡು ಪಿನಾಕಿನಿ, ಪಾಪಾಗ್ನಿ ಇಷ್ಟೂ ಹುಟ್ಟುತ್ತೆ, ನಮ್ಮ ಜಿಲ್ಲೇಲಿ ಮಾತ್ರ ಬೋರ್‌ವೆಲ್ಲಲ್ಲಿ ನೀರಿಲ್ಲ. ಯೋಚನೆ ಮಾಡಿದ್ರೆ ಸಂಕಟ ಆಗುತ್ತೆ.

ಸರಿ, ಈಗ ದನಗಳ ಜಾತ್ರೆಗೆ ಬರ್ತೀನಿ. ನಮ್ಮ ಮಕ್ಳ ಪಾಲಿಗೆ ನಂದಿ ಜಾತ್ರೆ ಅಂದ್ರೆ ಇದೇ, ಉಳಿದಿದ್ದೆಲ್ಲಾ ಆಮೇಲೆ.

ನಾನು ಚಿಕ್ಕೋಳಿದ್ದಾಗ ನಮ್ಮಪ್ಪನ ಹೆಗಲ ಮೇಲೆ ಕೂತು ನೋಡಿದ್ರೆ ಕಣ್ಣು ಹೋದಷ್ಟು ದೂರ ಎತ್ತು, ಗಾಡಿ, ಹೊಗೆ, ಗಾಡಿ ಕೆಳಗೆ ಅಡುಗೆ ಮಾಡ್ತಿದ್ದ ಜನ. ಈಗ ಅಷ್ಟಿಲ್ಲ. ಉಳುಮೆಗೆ ಟ್ರ್ಯಾಕ್ಟರ್ ಬಂತು, 2022ರಲ್ಲಿ ಚರ್ಮಗಂಟು ರೋಗ ಹಬ್ಬಿ ನಮ್ಮ ಕಡೆ ದನಗಳ ಜಾತ್ರೆಗಳಿಗೇ ತಡೆ ಬಿತ್ತು, 2023ರ ಮುಂಗಾರು ಕೈ ಕೊಟ್ಟು ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆಯ್ತು. ಮೇವಿಲ್ಲದೆ ಎತ್ತು ಸಾಕೋದು ಹೆಂಗೆ. ಆದ್ರೂ ಬಂದಿದ್ರು. ಹುಣಸೆ ಮರ, ಹೊಂಗೆ ಮರದ ನೆರಳು ಸಿಕ್ಕಿದ ಕಡೆಯೆಲ್ಲಾ ಗೂಟ ಹೊಡೆದು ಕಟ್ಟಿದ್ರು, ಕೆಲವರು ತಮ್ಮ ಜೋಡಿಗೇ ಅಂತ ಶಾಮಿಯಾನ ಹಾಕಿ, ನೆಲಕ್ಕೆ ಮರಳು ಹಾಸಿ, ಹಣೆಗೆ ಕುಂಕುಮ ಇಟ್ಟು, ಕೊಂಬಿಗೆ ಎಣ್ಣೆ ಸವರಿ ತುದೀಗೆ ಹಿತ್ತಾಳೆ ಅಣಸು ಹಾಕಿದ್ರು. ಹಳ್ಳಿಕಾರ್ ಎತ್ತು ನೋಡಿಲ್ಲದೋರಿಗೆ ಹೆಂಗೆ ಹೇಳೋದು, ಉದ್ದ ಮುಖ, ಹಿಂದಕ್ಕೆ ಬಾಗಿ ಮತ್ತೆ ಮೇಲಕ್ಕೆ ಮುಂದಕ್ಕೆ ತಿರುಗೋ ಕೊಂಬು, ಬೂದು ಬಣ್ಣದ ಮೈ, ಮುಟ್ಟಿದ್ರೆ ಚರ್ಮ ಸಣ್ಣಗೆ ನಡುಗುತ್ತೆ, ನೊಣ ಕೂತಂಗೆ. ನನ್ನ ಮಗಳು ಎಷ್ಟೋ ಹೊತ್ತು ಒಂದೇ ಎತ್ತಿನ ಕಣ್ಣು ನೋಡ್ತಾ ನಿಂತಿದ್ಲು. "ಅಮ್ಮ, ಕಾಡಿಗೆ ಹಚ್ಚಿದಾರಾ?" ಅಂತ ಕೇಳಿದ್ಲು, ಇಲ್ಲಮ್ಮ, ಹುಟ್ಟಿದ್ದೇ ಹಂಗೆ ಅಂದೆ.

ಒಂದು ಮರದ ಕೆಳಗೆ ವಯಸ್ಸಾದ ರೈತರೊಬ್ರು ಒಂದು ಜೊತೆ ಹೋರಿ ಕಟ್ಕೊಂಡು ಕೂತಿದ್ರು. ಬಾಗೇಪಲ್ಲಿ ಕಡೆಯೋರಂತೆ, ಮಾತು ಅರ್ಧ ತೆಲುಗು ಅರ್ಧ ಕನ್ನಡ. ನಮ್ಮನೆಯವ್ರು "ಯಜಮಾನ್ರೇ, ಎಷ್ಟು ಹಲ್ಲು?" ಅಂತ ಕೇಳಿದ್ರು. ನಮ್ಮನೆಯವ್ರು ಬ್ಯಾಂಕಲ್ಲಿ ಕೆಲಸ ಮಾಡೋರು, ಆದ್ರೆ ಅವರ ಅಪ್ಪ ದನ ಕಟ್ಟಿದ್ದೋರು, ಆ ಪ್ರಶ್ನೆ ಬಾಯಿಗೆ ತಾನಾಗೇ ಬರುತ್ತೆ. ರೈತರು ಎದ್ದು ಹೋರಿ ಮೂಗುದಾರ ಹಿಡಿದು ಇನ್ನೊಂದು ಕೈಯಿಂದ ಕೆಳತುಟಿ ಮೆತ್ತಗೆ ಕೆಳಗೆ ಎಳೆದು ತೋರಿಸಿದ್ರು. ಮುಂದೆ ಮಧ್ಯದಲ್ಲಿ ಎರಡು ಅಗಲವಾದ ಹಲ್ಲು, ಅಕ್ಕಪಕ್ಕ ಅಕ್ಕಿ ಕಾಳಿನ ಥರ ಸಣ್ಣವು. ಮೇಲ್ಗಡೆ ಹಲ್ಲೇ ಇಲ್ಲ, ಬರೀ ವಸಡು. ಮಗ ಇದನ್ನ ನೋಡಿ ಬೆರಗಾಗಿ ನಿಂತ. ರೈತರಿಗೆ ಅವ್ನ ಮುಖ ನೋಡಿ ಖುಷಿ ಆಗಿ, ಬಾ ಮರಿ ಅಂತ ಹತ್ರ ಕರೆದು ಕೂರಿಸ್ಕೊಂಡು ವಿವರವಾಗಿ ಹೇಳಿದ್ರು. ಕರುಗೆ ಮೊದ್ಲು ಇರೋದೆಲ್ಲಾ ಹಾಲುಹಲ್ಲು. ಎರಡು ವರ್ಷ ದಾಟಿದ ಮೇಲೆ ಮಧ್ಯದ ಎರಡು ಬಿದ್ದು ದೊಡ್ಡವು ಬರುತ್ತೆ, ಅದು ಎರಡಲ್ಲು. ಆಮೇಲೆ ಅದರ ಅಕ್ಕಪಕ್ಕ, ನಾಲ್ಕಲ್ಲು. ಆಮೇಲೆ ಆರಲ್ಲು. ಎಂಟೂ ಬಂದ್ರೆ ಬಾಯಿಗೂಡ್ತು ಅಂತ. ಬಾಯಿಗೂಡಿದ ಮೇಲೆ ಎತ್ತಿನ ವಯಸ್ಸು ಹಲ್ಲಿನ ಸವೆತ ನೋಡಿ ಅಂದಾಜು ಮಾಡೋದೇ ಹೊರತು ಲೆಕ್ಕ ಸಿಗಲ್ಲ.

ನನ್ನ ಮಗನಿಗೆ ಕೆಳಗಡೆ ಮುಂದಿನ ಹಲ್ಲು ಒಂದು ವಾರದಿಂದ ಅಲ್ಲಾಡ್ತಿತ್ತು. ನಾಚ್ಕೊಂಡು ನಾಚ್ಕೊಂಡು ಬಾಯಿ ತೆಗೆದು ನಾಲಿಗೆಯಿಂದ ಅಲ್ಲಾಡಿಸಿ ಅವರಿಗೆ ತೋರಿಸ್ದ. ಅವರು ಹೋರಿಗೆ ಹಿಡಿದಂಗೇ ಅವ್ನ ಕೆಳತುಟಿನೂ ಎರಡು ಬೆರಳಲ್ಲಿ ಹಿಡಿದು ಬಗ್ಗಿ ನೋಡಿ, "ಇದಿನ್ನೂ ಹಾಲುಹಲ್ಲು, ಇನ್ನೆರಡು ದಿನ, ಆಮೇಲೆ ನೀನೂ ನಮ್ಮ ಹೋರಿ ಜೊತೆಗೇ ಎರಡಲ್ಲು" ಅಂದ್ರು. ಅಲ್ಲಿದ್ದೋರೆಲ್ಲಾ ನಕ್ಕರು, ಮಗನಿಗೆ ಅವಮಾನ ಆಗ್ಲಿಲ್ಲ, ದೊಡ್ಡ ಬಿರುದು ಸಿಕ್ಕಿದಂಗೆ ಎದೆ ಉಬ್ಬಿಸ್ಕೊಂಡು ನಿಂತ. ಅದಾದ ಮೇಲೆ ಹುರುಳಿ ನೆನೆಸಿದ್ದು ಒಂದು ಹಿಡಿ ಅವ್ನ ಕೈಗೆ ಕೊಟ್ಟು ಹೋರಿಗೆ ತಿನ್ನಿಸೋಕೆ ಬಿಟ್ರು. ನಾಲಿಗೆ ಉಪ್ಪುಕಾಗದ ಥರ ಇದೆ ಅಂತ ಇವತ್ತಿಗೂ ಹೇಳ್ತಾನೆ.

ಬೆಲೆ ಕೇಳಿದ್ರೆ ಎರಡೂವರೆ ಲಕ್ಷ ಅಂದ್ರು. ಹುಲ್ಲು, ಹಿಂಡಿ, ಬೂಸ ಈ ವರ್ಷ ಕೊಳ್ಳೋಕಾಗ್ತಿಲ್ಲ, ಮನೇಲಿ ಮಗ ಮಾರ್ಬಿಡಪ್ಪ ಅಂತಾನೆ, ಅದಕ್ಕೇ ತಂದೆ ಅಂದ್ರು. ಆಮೇಲೆ ಹೋರಿ ಬೆನ್ನು ಸವರ್ತಾ "ಗಿರಾಕಿ ಬರ್ದೇ ಇದ್ರೆ ವಾಪಸ್ ಹೊಡ್ಕೊಂಡು ಹೋಗ್ತೀನಿ, ಅದೂ ಒಳ್ಳೇದೇ" ಅಂತ ಮೆಲ್ಲಗೆ ಅಂದ್ರು. ಸ್ವಲ್ಪ ಆಚೆ ಇಬ್ರು ದಲ್ಲಾಳಿಗಳು ಟವೆಲ್ ಕೆಳಗೆ ಕೈ ಮುಚ್ಕೊಂಡು ಬೆರಳು ಹಿಡಿದು ವ್ಯಾಪಾರ ಮಾಡ್ತಿದ್ರು, ಮುಖದಲ್ಲಿ ಏನೂ ಗೊತ್ತಾಗಲ್ಲ, ಒಬ್ರು ತಲೆ ಅಲ್ಲಾಡಿಸ್ತಾರೆ, ಮತ್ತೆ ಬೆರಳು ಹಿಡೀತಾರೆ. ಮಗಳು ಇದೇನಮ್ಮ ಅಂದ್ಲು. ರೇಟು ಸುತ್ತ ನಿಂತಿರೋರಿಗೆ ಗೊತ್ತಾಗಬಾರದು, ಅದಕ್ಕೆ ಬೆರಳಲ್ಲೇ ಮಾತು ಅಂತ ಅವ್ರಪ್ಪ ಹೇಳಿಕೊಟ್ರು. ನಮ್ಮ ಇಬ್ರೂ ಮಕ್ಳು ಮನೆಗೆ ಬಂದ ಮೇಲೆ ಟವೆಲ್ ಹಿಡ್ಕೊಂಡು ಪೆನ್ಸಿಲ್ಲು ರಬ್ಬರು ವ್ಯಾಪಾರ ಮಾಡೋ ಆಟ ಶುರು ಮಾಡಿದಾರೆ.

ತೇರು ಎಳೆಯೋ ಹೊತ್ತಿಗೆ ಮಧ್ಯಾಹ್ನದ ಬಿಸಿಲು. ಇಲ್ಲಿ ಒಂದಲ್ಲ, ಜೋಡಿ ತೇರು. ಬಣ್ಣ ಬಣ್ಣದ ಬಟ್ಟೆ, ಬಾಳೆಕಂದು, ಹೂವಿನ ಹಾರ, ಮುಂದೆ ತಮಟೆ, ಕೀಲುಕುದುರೆ. ಮಿಣಿ, ಅಂದ್ರೆ ತೇರಿನ ಹಗ್ಗ, ಹಿಡಿಯೋಕೆ ಒಬ್ರ ಮೇಲೊಬ್ರು. ತೇರು ಮೊದಲು ಅಲ್ಲಾಡಲ್ಲ, ಎಲ್ಲರೂ ಉಸಿರು ಬಿಗಿ ಹಿಡಿದು ಎಳೀತಾರೆ, ಚಕ್ರಕ್ಕೆ ಮರದ ದಿಮ್ಮಿ ಒಡ್ಡೋರು ಕೂಗ್ತಾರೆ, ಒಂದು ಕ್ಷಣ ಎಲ್ಲಾ ನಿಂತಂಗಿರುತ್ತೆ, ಆಮೇಲೆ ಗರ್ರ್ ಅಂತ ಒಂದು ಸದ್ದು ಬರುತ್ತೆ ನೋಡಿ, ಅದು ಕಿವಿಗಿಂತ ಮೊದ್ಲು ಅಂಗಾಲಿಗೆ ಗೊತ್ತಾಗುತ್ತೆ. ಜನ ಎಲ್ಲಾ ಒಟ್ಟಿಗೆ ಹೋ ಅಂತಾರೆ. ಬಾಳೆಹಣ್ಣಿಗೆ ದವನ ಸಿಕ್ಕಿಸಿ ಎಸೆಯೋದು ನಮ್ಮ ಕಡೆ ಪದ್ಧತಿ, ಮನಸಲ್ಲಿ ಏನೋ ಒಂದು ನೆನೆಸ್ಕೊಂಡು ಎಸೀತಾರೆ, ಹಣ್ಣು ತೇರಿಗೆ ತಾಗಿದ್ರೆ ಆಗುತ್ತೆ ಅಂತ. ನಾದಿನಿ ಎರಡು ಎಸೆದ್ಲು, ಎರಡೂ ತಾಗಿತು, ಏನು ಕೇಳ್ಕೊಂಡೆ ಅಂದ್ರೆ ಹೇಳ್ಲಿಲ್ಲ. ಮಗ ಅವ್ರ ಮಾವನ ಹೆಗಲ ಮೇಲಿಂದ ಎಸೆದಿದ್ದು ಮುಂದೆ ನಿಂತಿದ್ದ ಪೊಲೀಸರ ಟೋಪಿಗೆ ಬಿತ್ತು, ಅವರು ತಿರುಗಿ ನೋಡಿ ಆ ಹಣ್ಣು ಎತ್ಕೊಂಡು ಅವ್ನ ಬದಲಿಗೆ ಅವರೇ ತೇರಿಗೆ ಎಸೆದ್ರು. ಅದೆಷ್ಟು ದೊಡ್ಡ ಮನಸ್ಸು, ಆ ಬಿಸಿಲಲ್ಲಿ ಬೆಳಿಗ್ಗೆಯಿಂದ ನಿಂತಿರೋರು.

ಅತ್ತೆಗೆ ಜನದ ಮಧ್ಯೆ ನಿಲ್ಲೋಕಾಗಲ್ಲ ಅಂತ ಒಂದು ಮನೆ ಜಗಲಿ ಹತ್ರ ಹೋಗಿ, ಇಲ್ಲಿ ಸ್ವಲ್ಪ ಹೊತ್ತು ಕೂರಿಸ್ಬಹುದಾ ಅಂತ ಕೇಳಿದ್ವಿ. ಆ ಮನೆಯಮ್ಮ ಒಳಗಿಂದ ಚಾಪೆ ತಂದು ಹಾಸಿ, ನೀರು ಕೊಟ್ಟು, ಊಟ ಮಾಡ್ಕೊಂಡೇ ಹೋಗಿ ಅಂತ ಹಿಡ್ಕೊಂಡ್ರು. ಅವತ್ತು ಅವರ ಜಗಲಿ ಮೇಲೆ ನಮ್ಮ ಅತ್ತೆ ಥರದೋರು ಒಂಬತ್ತು ಜನ ಇದ್ರು, ಒಬ್ಬರಿಗೂ ಆ ಮನೆಯೋರ ಪರಿಚಯ ಇಲ್ಲ. ಎಲ್ಲರಿಗೂ ಮುದ್ದೆ, ಹುರುಳಿಕಾಳಿನ ಸಾರು. ದೇವಸ್ಥಾನದ ಹತ್ರ ಅನ್ನದಾನನೂ ಇತ್ತು, ರಸ್ತೆ ಉದ್ದಕ್ಕೂ ಅರವಟ್ಟಿಗೆ, ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ. ದುಡ್ಡು ಖರ್ಚಾಗಿದ್ದು ಕಡ್ಲೆಪುರಿ, ಬೆಂಡು ಬತ್ತಾಸು, ಮಗಳ ಬಳೆ, ಮಗನ ಪೀಪಿ, ವಾಪಸ್ ಬರ್ತಾ ಎರಡು ಕೆಜಿ ದ್ರಾಕ್ಷಿ, ಅಷ್ಟಕ್ಕೇ.

ಬಳೆ ಅಂಗಡಿ ಹತ್ರ ಇನ್ನೊಂದು ಆಯ್ತು, ಅದನ್ನ ಮಕ್ಳಿರೋರು ದಯವಿಟ್ಟು ಗಮನ ಇಟ್ಟು ಓದಿ. ನಾನು ಯಾವ ಜಾತ್ರೆಗೆ ಹೋದ್ರೂ ಮಕ್ಳ ಮುಂಗೈ ಮೇಲೆ ಬಾಲ್ ಪೆನ್ನಲ್ಲಿ ನಮ್ಮ ಫೋನ್ ನಂಬರ್ ಬರೀತೀನಿ. ಮಗಳು ಬಳೆ ಆರಿಸ್ತಾ ಇದ್ದಾಗ ಪಕ್ಕದಲ್ಲಿ ನಾಲ್ಕು ವರ್ಷದ ಒಂದು ಪುಟ್ಟ ಹುಡ್ಗ ಒಬ್ನೇ ನಿಂತು ಬಿಕ್ಕಿ ಬಿಕ್ಕಿ ಅಳ್ತಿದ್ದ. ಹೆಸರೇನು ಅಂದ್ರೆ ಅಳ್ತಾನೆ, ಯಾವೂರು ಅಂದ್ರೆ ಇನ್ನೂ ಜೋರಾಗಿ ಅಳ್ತಾನೆ, ಕೈಮೇಲೆ ನಂಬರ್ ಇಲ್ಲ. ಆಗ ಅತ್ತೆ ಬಗ್ಗಿ ತೆಲುಗಲ್ಲಿ "ಏಡವಕು ನಾನ್ನಾ, ಮೀ ಅಮ್ಮ ಒಸ್ತುಂದಿ" ಅಂದ್ರು, ಅಳಬೇಡ ಕಂದ, ನಿಮ್ಮಮ್ಮ ಬರ್ತಾಳೆ ಅಂತ. ಅಷ್ಟೇ, ಅಳು ನಿಂತೋಯ್ತು. ಪಾಪ, ಕನ್ನಡ ಅರ್ಥ ಆಗ್ತಿರ್ಲಿಲ್ಲ ಅವ್ನಿಗೆ. ನಮ್ಮ ಜಿಲ್ಲೇಲಿ ಮನೆ ಮಾತು ತೆಲುಗು ಇರೋರು ಎಷ್ಟು ಜನ, ಮಗು ಹೆದರಿದಾಗ ಅಮ್ಮನ ಮಾತೇ ಬೇಕು. ಅತ್ತೆ ಅವ್ನನ್ನ ಎತ್ಕೊಂಡು ಮೈಕ್ ಇಟ್ಟಿದ್ದ ಕಡೆ ಹೋದ್ರು, ಮಂಡಿ ನೋವು ಎಲ್ಲಿ ಹೋಯ್ತೋ ಗೊತ್ತಿಲ್ಲ. ಕೆಂಪು ಅಂಗಿ, ಕಾಲಲ್ಲಿ ಒಂದೇ ಚಪ್ಪಲಿ ಅಂತ ಎರಡೂ ಭಾಷೇಲಿ ಕೂಗಿಸಿದ್ರು. ಹದಿನೈದು ನಿಮಿಷಕ್ಕೆ ಅವ್ರಮ್ಮ ಓಡಿ ಬಂದ್ರು, ಮಗೂನ ತಬ್ಕೊಂಡು ಮಾತೇ ಆಡ್ಲಿಲ್ಲ, ಕೂತ್ಕೊಂಡ್ಬಿಟ್ರು. ಆ ಹದಿನೈದು ನಿಮಿಷ ನನ್ನ ಎದೆ ಹೊಡ್ಕೊಂಡಿದ್ದು ಇನ್ನೂ ನೆನಪಿದೆ. ಒಂದು ಪೆನ್ನು, ಹತ್ತು ಅಂಕಿ, ಅರ್ಧ ನಿಮಿಷದ ಕೆಲಸ. ಮರೀಬೇಡಿ.

ಬೇಸರ ಆಗಿದ್ದೂ ಹೇಳ್ಬೇಕು. ಹೆಂಗಸರಿಗೆ ಶೌಚಾಲಯ ಸಾಲದು, ಇದ್ದ ಒಂದೆರಡರ ಮುಂದೆ ಉದ್ದ ಸಾಲು, ನೀರು ಖಾಲಿ. ಅಷ್ಟು ಜನ ಹೆಂಗಸರು ಬಸ್ಸಲ್ಲಿ ಬರ್ತಾರೆ ಅಂತ ಗೊತ್ತಿದ್ದ ಮೇಲೆ ಅಷ್ಟಾದ್ರೂ ಮಾಡ್ಬೇಕಿತ್ತು, ನನ್ನ ಜೊತೆ ಸಾಲಲ್ಲಿದ್ದ ಗರ್ಭಿಣಿಯೊಬ್ರು ಕಣ್ಣಲ್ಲಿ ನೀರು ತುಂಬ್ಕೊಂಡು ನಿಂತಿದ್ರು. ಎಲ್ಲರೂ ಜಾಗ ಬಿಟ್ಟು ಮುಂದೆ ಕಳಿಸಿದ್ವಿ. ಇನ್ನೊಂದು, ಒಂದು ಕಡೆ ಹಾಡು ಹಾಕಿದ್ದ ದೊಡ್ಡ ಸ್ಪೀಕರ್‌ಗಳನ್ನ ದನ ಕಟ್ಟಿರೋ ಕಡೆಗೇ ತಿರುಗಿಸಿದ್ರು, ಹಗ್ಗ ಜಗ್ತಾ ಜಗ್ತಾ ಒಂದು ಎತ್ತಿನ ಮೂಗಲ್ಲಿ ರಕ್ತ ಬಂದಿದ್ದು ಕಣ್ಣಾರೆ ನೋಡ್ದೆ. ಬಸವನ ಊರಿನ ಜಾತ್ರೇಲಿ ಬಸವನಿಗೇ ಹಿಂಸೆ ಆಗಬಾರದು. ನಮ್ಮನೆಯವ್ರು ಹೋಗಿ ಹೇಳಿದ ಮೇಲೆ ಆ ಹುಡುಗ್ರು ತಕರಾರು ಮಾಡ್ದೆ ತಿರುಗಿಸಿದ್ರು, ಯಾರೂ ಹೇಳಿರ್ಲಿಲ್ಲ ಅಣ್ಣ ಅಂದ್ರಂತೆ. ಹೇಳ್ಬೇಕು, ಅಷ್ಟೇ. ಪ್ಲಾಸ್ಟಿಕ್ ಲೋಟಗಳ ಬಗ್ಗೆನೂ ಯಾರಾದ್ರೂ ಹೇಳ್ಬೇಕು, ದನ ಮೇಯೋ ಜಾಗದಲ್ಲಿ ಪಾನಕದ ಲೋಟ ಬಿದ್ದಿರುತ್ತೆ. ಮುಂದಿನ ವರ್ಷ ನಾವು ಮನೆಯಿಂದ ಸ್ಟೀಲ್ ಲೋಟ ತಗೊಂಡು ಹೋಗ್ತೀವಿ, ನೀವೂ ತನ್ನಿ.

ಸಂಜೆ ಬಿಸಿಲು ಇಳಿದ ಮೇಲೆ ನಾದಿನಿಯವ್ರನ್ನ ನಂದಿ ಹಾಲ್ಟಿಗೆ ಬಿಡೋಕೆ ಎಲ್ಲರೂ ನಡ್ಕೊಂಡು ಹೋದ್ವಿ. ಬೆಟ್ಟದ ಒಂದು ಮಗ್ಗುಲು ಕೆಂಪಾಗಿತ್ತು. ಮೇಲೆ ಗಾಂಧೀಜಿ 1927ರಲ್ಲಿ ಹುಷಾರು ತಪ್ಪಿದಾಗ ಬಂದು ಉಳ್ಕೊಂಡಿದ್ರು, 1986ರಲ್ಲಿ ಸಾರ್ಕ್ ದೇಶಗಳ ನಾಯಕರು ಬಂದಿದ್ರು ಅಂತ ಮಗಳು ಸ್ಕೂಲಲ್ಲಿ ಕಲ್ತಿದ್ದು ಅವ್ರ ಹೊಸ ಮಾವನಿಗೆ ಹೇಳ್ತಾ ಬಂದ್ಲು. ಅವರು ಯಲಹಂಕದೋರು, ಬೆಟ್ಟಕ್ಕೆ ಆರು ಸಲ ಬಂದಿದೀನಿ, ಈ ಊರೊಳಗೆ ಇವತ್ತೇ ಮೊದಲು ಅಂದ್ರು. ಪ್ಲಾಟ್‌ಫಾರ್ಮಲ್ಲಿ ಜಾತ್ರೆ ಜನ, ಎಲ್ಲರ ಕೈಲೂ ಕಡ್ಲೆಪುರಿ ಪೊಟ್ಣ. ರೈಲು ಬಂದಾಗ ನಾದಿನಿ ಅತ್ತೆ ಕೈ ಹಿಡ್ಕೊಂಡು "ಮುಂದಿನ ವರ್ಷ ಇಬ್ರಲ್ಲ, ಮೂರು ಜನ ಬರ್ತೀವಮ್ಮ" ಅಂತ ಕಿವೀಲಿ ಹೇಳಿ ಹತ್ತಿದ್ಲು. ಬಾಳೆಹಣ್ಣು ಎಸೆದಾಗ ಏನು ಕೇಳ್ಕೊಂಡಿದ್ಲು ಅಂತ ಆಗ ಗೊತ್ತಾಯ್ತು.

ಭಾನುವಾರ ಬೆಳಿಗ್ಗೆ ಮಗ ದ್ರಾಕ್ಷಿ ತಿನ್ನೋವಾಗ ಹಲ್ಲು ಬಿತ್ತು. ಕೈಲಿ ಹಿಡ್ಕೊಂಡು ಓಡಿ ಬಂದು "ಎರಡಲ್ಲು! ಎರಡಲ್ಲು!" ಅಂತ ಕೂಗ್ತಿದಾನೆ. ಬಿದ್ದ ಹಲ್ಲನ್ನ ಸಗಣಿ ಉಂಡೇಲಿ ಇಟ್ಟು ಮನೆ ಮೇಲೆ ಎಸೀಬೇಕು ಅಂತ ಅತ್ತೆ ಹೇಳಿದ್ರು. ನಮ್ಮ ಬಡಾವಣೇಲಿ ಸಗಣಿ ಎಲ್ಲಿ ಸಿಗುತ್ತೆ, ಅವರಪ್ಪ ಸ್ಕೂಟರ್ ತಗೊಂಡು ಹಾಲಿನ ಡೈರಿ ಹಿಂದಿನ ಮನೆಗೆ ಹೋಗಿ ಒಂದು ಹಿಡಿ ಕವರಲ್ಲಿ ತಂದ್ರು. ಮಗನೇ ಉಂಡೆ ಕಟ್ಟಿ, ಹಲ್ಲು ಒಳಗೆ ಒತ್ತಿ, ಅಂಗಳದಲ್ಲಿ ನಿಂತು ಕಣ್ಣು ಮುಚ್ಚಿ ತಾರಸಿ ಮೇಲೆ ಎಸೆದ, ತೇರಿಗೆ ಎಸೆದಂಗೆ. ಮುಂಗೈ ಮೇಲೆ ಫೋನ್ ನಂಬರಿನ ಕೊನೇ ನಾಲ್ಕು ಅಂಕಿ ಇನ್ನೂ ಹಂಗೇ ಇತ್ತು.